ಕಿಣ್ವ ಒಳಗೆ ಬಂದರೆ ಹನಿಯ ಪದರ ಮೆತ್ತಗಾಗುತ್ತದೆಯೇ?

ಬೆಂಗಳೂರಿನ ಬಸವನಗುಡಿಯಲ್ಲಿ ವಿಜ್ಞಾನಾಸಕ್ತರ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ ಇದು. ಪರದೆಯ ಮೇಲೆ ತೋರಿಸಿದ ಚಿತ್ರಗಳು ಇಲ್ಲಿಲ್ಲ. ಅವುಗಳ ಬದಲು ಲೆಕ್ಕಗಳನ್ನು ಬಿಡಿಸಿ ಬರೆದಿದ್ದೇವೆ. ಸಭಿಕರು ಕೇಳಿದ ಕೆಲವು ಪ್ರಶ್ನೆಗಳು ಕೊನೆಯಲ್ಲಿವೆ.

ನೀರು ಮತ್ತು ಎಣ್ಣೆಯನ್ನು ಒಂದೇ ಸೀಸೆಗೆ ಹಾಕಿ, ಸೋಪಿನ ಜಾತಿಯ ತಕ್ಕ ವಸ್ತುವನ್ನು (ಇದಕ್ಕೆ ಸರ್ಫ್ಯಾಕ್ಟೆಂಟ್ ಎನ್ನುತ್ತಾರೆ) ತಕ್ಕ ಪ್ರಮಾಣದಲ್ಲಿ ಸೇರಿಸಿ ಕುಲುಕಿದರೆ, ಒಂದೆರಡು ನಿಮಿಷದಲ್ಲಿ ಸೀಸೆಯೊಳಗಿನದೆಲ್ಲ ತಿಳಿಯಾಗಿಬಿಡುತ್ತದೆ. ಅದರ ಮೂಲಕ ಆಚೆಗಿರುವ ಅಕ್ಷರ ಓದಬಹುದು. ತಿಂಗಳುಗಟ್ಟಲೆ ಇಟ್ಟರೂ ನೀರು ಒಂದು ಕಡೆ, ಎಣ್ಣೆ ಒಂದು ಕಡೆ ಆಗುವುದಿಲ್ಲ. ಇದು ಮೈಕ್ರೊಎಮಲ್ಷನ್. ಹೋರ್ ಮತ್ತು ಶುಲ್ಮನ್ ಇದನ್ನು 1943ರಲ್ಲೇ ವಿವರಿಸಿದ್ದರು. ಹೆಸರು ಬಿದ್ದದ್ದು 1959ರಲ್ಲಿ, ಅದೂ ಶುಲ್ಮನ್ ಮತ್ತು ಸಂಗಡಿಗರಿಂದಲೇ. ಒಳಗೆ ನೋಡಲು ಸಾಧ್ಯವಾದರೆ ಎಣ್ಣೆಯ ತುಂಬ ಕೆಲವೇ ನ್ಯಾನೊಮೀಟರ್ ಅಗಲದ ನೀರಿನ ಹನಿಗಳು, ಪ್ರತಿ ಹನಿಯ ಸುತ್ತ ಒಂದೇ ಅಣುವಿನ ದಪ್ಪದ ಸರ್ಫ್ಯಾಕ್ಟೆಂಟ್ ಪದರ ಕಾಣುತ್ತದೆ. ಹನಿಗಳು ಬೆಳಕಿನ ಅಲೆಯುದ್ದಕ್ಕಿಂತ ತೀರಾ ಚಿಕ್ಕವಾದ್ದರಿಂದಲೇ ದ್ರವ ತಿಳಿಯಾಗಿ ಕಾಣುವುದು.

ನಮ್ಮ ವಿಷಯ ಆ ಒಂದಣು ದಪ್ಪದ ಪದರ. ಅದರ ಒಳಗಿನ ನೀರಿಗೆ ಕಿಣ್ವವೊಂದನ್ನು ಸೇರಿಸಿದಾಗ ಪದರ ಬಾಗುವ ರೀತಿ ಬದಲಾಗುತ್ತದೆಯೇ, ಬದಲಾದರೆ ಎಷ್ಟು, ಹಾಗೆಂದು ನಂಬುವುದು ಹೇಗೆ? ಹೆಚ್ಚು ಹೊತ್ತು ಕೊನೆಯ ಪ್ರಶ್ನೆಗೇ ಕೊಡುತ್ತೇವೆ. ಈ ವಿಷಯದಲ್ಲಿ ತಪ್ಪು ತೀರ್ಮಾನಗಳು ಹುಟ್ಟುವುದು ಅಲ್ಲೇ.

ಪದರ ಮತ್ತು ಅದರ ಬಿಗಿತ

ಉದಾಹರಣೆಗಳನ್ನೆಲ್ಲ ಒಂದೇ ವ್ಯವಸ್ಥೆಯಿಂದ ತೆಗೆದುಕೊಂಡಿದ್ದೇವೆ. ಎಒಟಿ ಎಂಬ ಸರ್ಫ್ಯಾಕ್ಟೆಂಟ್, ಐಸೊಆಕ್ಟೇನ್ ಎಂಬ ಎಣ್ಣೆ, ಮತ್ತು ನೀರು. ಎಒಟಿಯ ಅಣುಭಾರ 444.6. ಅದಕ್ಕೆ ಋಣ ವಿದ್ಯುದಂಶದ ಒಂದು ಸಲ್ಫೊನೇಟ್ ತಲೆ, ಕವಲೊಡೆದ ಎರಡು ಬಾಲ. ಬಾಲದ ಕಡೆ ಅಗಲ, ತಲೆಯ ಕಡೆ ಕಿರಿದು. ಹಾಗಾಗಿ ಅದು ಬೇರೆ ಯಾವುದರ ಸಹಾಯವೂ ಇಲ್ಲದೆ ನೀರನ್ನು ಸುತ್ತಿಕೊಂಡು ಎಣ್ಣೆಯಲ್ಲಿ ಹನಿಯಾಗುತ್ತದೆ. ಪದರ ತಾನಾಗಿ ಯಾವ ಕಡೆ ಎಷ್ಟು ಬಾಗಲು ಬಯಸುತ್ತದೋ ಅದಕ್ಕೆ ಸಹಜ ವಕ್ರತೆ ಎನ್ನುತ್ತೇವೆ.

ಒಂದು ಎಒಟಿ ಅಣುವಿಗೆ ಎಷ್ಟು ನೀರಿನ ಅಣುಗಳು ಎನ್ನುವುದು ನೀರಿನ ಅನುಪಾತ. ಈ ವ್ಯವಸ್ಥೆಯಲ್ಲಿ ಆ ಅನುಪಾತವನ್ನು 0.175ರಿಂದ ಗುಣಿಸಿದರೆ ಹನಿಯೊಳಗಿನ ನೀರಿನ ತ್ರಿಜ್ಯ ಸುಮಾರಾಗಿ ನ್ಯಾನೊಮೀಟರಿನಲ್ಲಿ ಸಿಗುತ್ತದೆ. ಅನುಪಾತ 20 ಆದರೆ 3.5 ನ್ಯಾನೊಮೀಟರ್, 40 ಆದರೆ 7. ಈ ಒಂದು ಸೂತ್ರ ಕೈಯಲ್ಲಿದ್ದರೆ ಮುಂದಿನ ಲೆಕ್ಕಗಳನ್ನು ಲಕೋಟೆಯ ಹಿಂಬದಿಯಲ್ಲೇ ಮಾಡಬಹುದು.

ಸ್ಥಿತಿಸ್ಥಾಪಕ ಗುಣ ಎಂದಾಗ ಎರಡು ಬೇರೆ ಸಂಗತಿಗಳು ಬೆರೆತುಹೋಗುತ್ತವೆ. ಕಡುಬು ಕಟ್ಟುವವರು ಬಾಳೆ ಎಲೆಯನ್ನು ಮೊದಲು ಬೆಂಕಿಗೆ ಹಿಡಿದು ಬಾಡಿಸಿಕೊಳ್ಳುತ್ತಾರೆ. ಹಸಿ ಎಲೆಯನ್ನು ಮಡಚಿದರೆ ಸೀಳುತ್ತದೆ, ಬಾಡಿದ್ದು ಸುಲಭವಾಗಿ ಮಡಚಿಕೊಳ್ಳುತ್ತದೆ. ಆದರೆ ಎರಡನ್ನೂ ಹಿಡಿದು ಎಳೆದು ನೋಡಿ, ಯಾವುದೂ ಹಿಗ್ಗುವುದಿಲ್ಲ. ಹಿಗ್ಗುವುದು ಬೇರೆ, ಬಾಗುವುದು ಬೇರೆ. ತೂಗುವ ಹನಿಯನ್ನು ಉಬ್ಬಿಸಿ ಕುಗ್ಗಿಸಿ ಅಳೆಯುವ ಉಪಕರಣ ಹೇಳುವುದು ಹಿಗ್ಗುವ ಗುಣವನ್ನು. ಮೈಕ್ರೊಎಮಲ್ಷನ್ನಿನ ಆಕಾರ, ಗಾತ್ರ, ಬಾಳಿಕೆಗಳನ್ನು ಆಳುವುದು ಬಾಗುವ ಗುಣ. ಒಂದರ ಅಂಕಿಯನ್ನು ಇನ್ನೊಂದರ ಜಾಗದಲ್ಲಿ ಬರೆದ ವರದಿಯನ್ನು ಮುಂದಕ್ಕೆ ಓದುವ ಅಗತ್ಯವಿಲ್ಲ.

ಬಾಗುವ ಶಕ್ತಿಯ ಸೂತ್ರವನ್ನು ಹೆಲ್ಫ್ರಿಚ್ 1973ರಲ್ಲಿ ಕೊಟ್ಟರು. ಅದರಲ್ಲಿ ಎರಡು ಗುಣಾಂಕಗಳಿವೆ. ಮೊದಲನೆಯದು ಬಾಗು ಬಿಗಿತ, ಅದನ್ನು ಕಪ್ಪಾ ಎನ್ನುತ್ತಾರೆ. ಎರಡನೆಯದು ಕಪ್ಪಾ-ಬಾರ್. ಪದರ ಮುಚ್ಚಿದ ಗೋಳವಾಗುತ್ತದೋ, ಕುದುರೆಯ ಬೆನ್ನಿನ ತಡಿಯ ಆಕಾರದಲ್ಲಿ ಒಂದಕ್ಕೊಂದು ಕೂಡಿಕೊಳ್ಳುತ್ತದೋ ಎನ್ನುವುದರಲ್ಲಿ ಇದರ ಪಾತ್ರ ದೊಡ್ಡದು. ಎರಡನ್ನೂ ಅಳೆಯುವುದು ಉಷ್ಣಶಕ್ತಿಯ ಏಕಮಾನದಲ್ಲಿ, ಅಂದರೆ ಕೆಟಿ. 25 °ಸೆ.ನಲ್ಲಿ ಒಂದು ಕೆಟಿ ಎಂದರೆ 4.1 × 10⁻²¹ ಜೂಲ್. ಜೀವಕೋಶದ ಫಾಸ್ಫೊಲಿಪಿಡ್ ಜೋಡಿಪದರದ ಬಿಗಿತ 20 ಕೆಟಿಯ ಆಸುಪಾಸಿನಲ್ಲಿದೆ. ಮೈಕ್ರೊಎಮಲ್ಷನ್ನಿನ ಒಂಟಿ ಪದರದ್ದು ಒಂದು ಕೆಟಿಯ ಆಸುಪಾಸು. ಎಂದರೆ ಬರೀ ಶಾಖದ ಅಲುಗಾಟಕ್ಕೇ ಈ ಪದರ ಸದಾ ತಳಮಳಿಸುತ್ತಿರುತ್ತದೆ.

ಇಷ್ಟು ಮೆತ್ತನೆಯ ಪದರದಲ್ಲಿ ಸಣ್ಣ ಬದಲಾವಣೆಗೂ ದೊಡ್ಡ ಪರಿಣಾಮವಿದೆ. ಪದರ ಎಷ್ಟು ದೂರದವರೆಗೆ ನೇರವಾಗಿ ಇರಬಲ್ಲದು ಎಂಬುದಕ್ಕೆ ಡಿ ಜೆನ್ ಮತ್ತು ಟೊಪಿನ್ 1982ರಲ್ಲಿ ಕೊಟ್ಟ ಅಂದಾಜಿನಲ್ಲಿ ಕಪ್ಪಾ ಘಾತದಲ್ಲಿ ಕೂತಿದೆ. ಅಣುವಿನ ಅಳತೆ 1 ನ್ಯಾನೊಮೀಟರ್ ಎಂದುಕೊಂಡರೆ, ಕಪ್ಪಾ 1 ಕೆಟಿ ಇದ್ದಾಗ ಆ ಉದ್ದ ಸುಮಾರು 535 ನ್ಯಾನೊಮೀಟರ್. ಕಪ್ಪಾ 0.5 ಕೆಟಿಗೆ ಇಳಿದರೆ 23 ನ್ಯಾನೊಮೀಟರ್. ಕಿಣ್ವ ಸೇರಿ ಬಿಗಿತ ಅರ್ಧವಾದರೆ ರಚನೆಯೇ ಬೇರೆಯಾಗಬಹುದು ಎನ್ನುವ ಆತಂಕಕ್ಕೂ ಕುತೂಹಲಕ್ಕೂ ಇದೇ ಕಾರಣ.

ಕಿಣ್ವ ಎಲ್ಲಿ ಕೂರುತ್ತದೆ

ಎಣ್ಣೆಯಲ್ಲಿರುವ ಇಂಥ ಪುಟ್ಟ ನೀರಿನ ಹನಿಗಳಿಗೆ ಹಿಮ್ಮುಖ ಮೈಸೆಲ್ಲು ಎಂದೂ ಹೆಸರು. ಅವುಗಳಲ್ಲಿ ಕಿಣ್ವ ಕೆಲಸ ಮಾಡುತ್ತದೆ ಎಂದು 1970ರ ದಶಕದಲ್ಲಿ ಮಾಸ್ಕೊದ ಮಾರ್ಟಿನೆಕ್, ಜ್ಯೂರಿಕ್‌ನ ಲುಯಿಸಿ ಮೊದಲಾದವರ ಗುಂಪುಗಳು ತೋರಿಸಿಕೊಟ್ಟ ಮೇಲೆ ಈ ಕ್ಷೇತ್ರ ಬೆಳೆಯಿತು. ಆಲ್ಫಾ-ಕೈಮೊಟ್ರಿಪ್ಸಿನ್ ಅವರೆಲ್ಲರ ಮೆಚ್ಚಿನ ಕಿಣ್ವ. ಅಣುಭಾರ 25,000, ತ್ರಿಜ್ಯ 2 ನ್ಯಾನೊಮೀಟರಿಗಿಂತ ತುಸು ಹೆಚ್ಚು. ನೀರಿನ ಅನುಪಾತ 10-12ರ ಆಸುಪಾಸಿನಲ್ಲಿ ಅದರ ಚಟುವಟಿಕೆ ಗರಿಷ್ಠ. ನಮ್ಮ ಸೂತ್ರದಂತೆ ನೀರಿನ ತ್ರಿಜ್ಯವೂ ಕಿಣ್ವದ ತ್ರಿಜ್ಯವೂ ಸರಿಸುಮಾರು ಹೊಂದುವ ಜಾಗ ಅದೇ.

ಪದರದ ಬಿಗಿತದ ಮಟ್ಟಿಗೆ ಹೇಳಬೇಕೆಂದರೆ, ಕಿಣ್ವ ಯಾವುದು ಎನ್ನುವುದಕ್ಕಿಂತ ಅದು ಎಲ್ಲಿ ಕೂತಿದೆ ಎನ್ನುವುದು ಮುಖ್ಯ. ಎಒಟಿಯ ತಲೆ ಋಣ. ಯಾವ ಪಿಎಚ್‌ನಲ್ಲಿ ಪ್ರೋಟೀನಿನ ಒಟ್ಟು ವಿದ್ಯುದಂಶ ಸೊನ್ನೆಯೋ ಅದು ಅದರ ಸಮವಿದ್ಯುತ್ ಬಿಂದು. ಬಫರಿನ, ಅಂದರೆ ಪಿಎಚ್ ಸ್ಥಿರವಾಗಿಡುವ ದ್ರಾವಣದ, ಪಿಎಚ್ ಆ ಬಿಂದುವಿಗಿಂತ ಕೆಳಗಿದ್ದರೆ ಪ್ರೋಟೀನಿನ ಮೇಲೆ ಧನ ವಿದ್ಯುದಂಶ ಹೆಚ್ಚು, ಅದು ಪದರದ ಕಡೆಗೆ ಸರಿಯುತ್ತದೆ. ಮೇಲಿದ್ದರೆ ನೀರಿನ ನಡುವೆ ಉಳಿಯುತ್ತದೆ. ಸೈಟೊಕ್ರೋಮ್ ಸಿ ಕಿಣ್ವವಲ್ಲ, ಎಲೆಕ್ಟ್ರಾನ್ ಸಾಗಿಸುವ ಪ್ರೋಟೀನು. ಆದರೂ ಇಲ್ಲಿ ಒಳ್ಳೆಯ ಉದಾಹರಣೆ. ಅದರ ಸಮವಿದ್ಯುತ್ ಬಿಂದು 10ರ ಹತ್ತಿರ, ಹಾಗಾಗಿ ಸಾಮಾನ್ಯ ಬಫರುಗಳಲ್ಲಿ ಪದರಕ್ಕೆ ಅಂಟಿಕೊಂಡೇ ಇರುತ್ತದೆ. ಲೈಪೇಸಿನ ಕಥೆ ಬೇರೆ. ಅದು ಕೊಬ್ಬನ್ನು ಒಡೆಯುವ ಕಿಣ್ವವಾದ್ದರಿಂದ ಎಣ್ಣೆ-ನೀರಿನ ಗಡಿಯೇ ಅದರ ಮನೆ. ಹಲವು ಲೈಪೇಸುಗಳಲ್ಲಿ ಗಡಿ ಮುಟ್ಟಿದಾಗ ಮುಚ್ಚಳದಂಥ ಭಾಗ ತೆರೆದುಕೊಂಡು ನೀರು ಬಯಸದ ಒಳಮೈ ಹೊರಗೆ ಬರುತ್ತದೆ. ವಿದ್ಯುದಂಶ ಏನೇ ಇರಲಿ, ಲೈಪೇಸು ಪದರದೊಳಕ್ಕೆ ತೂರುತ್ತದೆ ಎಂದೇ ಲೆಕ್ಕ ಹಾಕಿಕೊಳ್ಳಿ.

ಪದರದೊಳಕ್ಕೆ ತೂರಿದ ಪ್ರೋಟೀನು ಏನು ಮಾಡುತ್ತದೆ? ಅಕ್ಕಪಕ್ಕದ ಬಾಲಗಳ ಜೋಡಣೆ ಸಡಿಲವಾಗುತ್ತದೆ, ಅಲ್ಲಿ ಪದರ ತೆಳ್ಳಗಾಗುತ್ತದೆ. ದಪ್ಪ ಕುಗ್ಗುವುದಕ್ಕಿಂತ ವೇಗವಾಗಿ ಬಿಗಿತ ಕುಗ್ಗುತ್ತದೆ. ಹೆಕ್ಸನಾಲ್‌ನಂಥ ಚಿಕ್ಕ ಮದ್ಯಸಾರಗಳು ಪದರವನ್ನು ಮೆತ್ತಗೆ ಮಾಡುವುದೂ ಹೀಗೆಯೇ. ಇನ್ನೊಂದು ಕಡೆ, ಪ್ರೋಟೀನು ತಾನು ಗಟ್ಟಿ ವಸ್ತು. ಅದು ಕೂತ ಜಾಗ ಬಾಗುವುದಿಲ್ಲ. ಹಾಗಾದರೆ ಒಟ್ಟು ಪದರ ಬಿಗಿಯಾಗಬೇಕಲ್ಲವೇ? ಆಗಲೇಬೇಕೆಂದಿಲ್ಲ. ಪದರದಲ್ಲಿ ಓಡಾಡಬಲ್ಲ ಅಣುಗಳು ತಮಗೆ ಒಗ್ಗುವ ವಕ್ರತೆಯ ಕಡೆಗೆ ಸರಿದುಕೊಳ್ಳುತ್ತವೆ. ಆಗ ಪದರ ಬಾಗಲು ತೆರಬೇಕಾದ ಶಕ್ತಿ ಕಡಿಮೆಯಾಗುತ್ತದೆ. ಇದನ್ನು 1986ರಲ್ಲಿ ಲೈಬ್ಲರ್ ಸಿದ್ಧಾಂತವಾಗಿ ತೋರಿಸಿದರು. ಒಂದೊಂದು ತುಣುಕೂ ಗಟ್ಟಿ, ಒಟ್ಟಿನಲ್ಲಿ ಪದರ ಮೆತ್ತಗೆ. ಈ ವಿಷಯದಲ್ಲಿ ನಮಗೆ ಅತ್ಯಂತ ಸುಂದರವಾಗಿ ಕಾಣುವ ಫಲಿತಾಂಶ ಇದೇ.

ನೀರಿನ ನಡುವೆಯೇ ಉಳಿಯುವ ಕಿಣ್ವದ ಪರಿಣಾಮ ಇಷ್ಟು ನೇರವಲ್ಲ. ಪಾಲಿಮರುಗಳಿಂದ ಒಂದು ಸುಳಿವು ಸಿಗುತ್ತದೆ. ನೀರಿನ ತುಂಡು, ಎಣ್ಣೆಯ ತುಂಡು ಎರಡೂ ಇರುವ ಬ್ಲಾಕ್ ಪಾಲಿಮರನ್ನು ಪದರಕ್ಕೆ ಲಂಗರು ಹಾಕಿದಂತೆ ಸೇರಿಸಿದರೆ ಬಿಗಿತ ಏರುತ್ತದೆ. 1999ರಲ್ಲಿ ಜರ್ಮನಿಯಲ್ಲಿ ಕಂಡ ಈ ಪರಿಣಾಮದಿಂದ ಕಡಿಮೆ ಸರ್ಫ್ಯಾಕ್ಟೆಂಟ್‌ನಲ್ಲೇ ಮೈಕ್ರೊಎಮಲ್ಷನ್ ಮಾಡಲು ದಾರಿಯಾಯಿತು. ಪದರಕ್ಕೆ ಅಂಟದೆ ನೀರಿನಲ್ಲೇ ಉಳಿಯುವ ಪಾಲಿಮರು ಮಾಡುವುದು ಇದರ ವಿರುದ್ಧ, ಬಿಗಿತ ಇಳಿಯುತ್ತದೆ. ಕಿಣ್ವ ಪಾಲಿಮರಿನ ಹಾಗೆ ಹರಡಿಕೊಂಡ ಸರಪಳಿಯಲ್ಲ, ಮುದುಡಿದ ಗುಂಡು. ಆದ್ದರಿಂದ ಆ ಅಂಕಿಗಳನ್ನು ಎತ್ತಿ ಇಲ್ಲಿ ಇಡಬಾರದು. ಜಾಗ ಬದಲಾದರೆ ಪರಿಣಾಮದ ದಿಕ್ಕೇ ಬದಲಾಗುತ್ತದೆ ಎಂಬ ಪಾಠ ಮಾತ್ರ ಇಲ್ಲಿಗೂ ಸಲ್ಲುತ್ತದೆ.

ಎಷ್ಟು ಹನಿಗಳಲ್ಲಿ ಕಿಣ್ವವಿದೆ

ಅಳತೆಗೆ ಕೂರುವ ಮೊದಲು ಈ ಲೆಕ್ಕ ಮಾಡಲೇಬೇಕು. 0.1 ಮೋಲಾರ್ ಎಒಟಿ ಇರುವ ಐಸೊಆಕ್ಟೇನ್ 10 ಮಿ.ಲೀ. ತೆಗೆದುಕೊಳ್ಳಿ. ಅದರಲ್ಲಿ ಎಒಟಿ 1 ಮಿಲಿಮೋಲ್. ನೀರಿನ ಅನುಪಾತ 20 ಬೇಕಾದರೆ ನೀರು 20 ಮಿಲಿಮೋಲ್, ಅಂದರೆ 360 ಮೈಕ್ರೊಲೀಟರ್. ಹನಿಯ ನೀರಿನ ತ್ರಿಜ್ಯ 3.5 ನ್ಯಾನೊಮೀಟರ್, ಘನಗಾತ್ರ ಸುಮಾರು 180 ಘನ ನ್ಯಾನೊಮೀಟರ್. ಒಂದು ನೀರಿನ ಅಣುವಿಗೆ 0.03 ಘನ ನ್ಯಾನೊಮೀಟರ್ ಹಿಡಿದರೆ ಹನಿಯಲ್ಲಿ 6,000 ನೀರಿನ ಅಣುಗಳು, ಸುತ್ತ 300 ಎಒಟಿ. 0.1 ಮೋಲಾರನ್ನು 300ರಿಂದ ಭಾಗಿಸಿದರೆ ಹನಿಗಳ ಸಾಂದ್ರತೆ 330 ಮೈಕ್ರೊಮೋಲಾರ್.

ಈಗ ಆ 360 ಮೈಕ್ರೊಲೀಟರಿನಲ್ಲಿ ಮಿ.ಲೀ.ಗೆ 10 ಮಿ.ಗ್ರಾಂ ಕೈಮೊಟ್ರಿಪ್ಸಿನ್ ಇದೆ ಎಂದಿಟ್ಟುಕೊಳ್ಳಿ. ಒಟ್ಟು 3.6 ಮಿ.ಗ್ರಾಂ, ಸಾಂದ್ರತೆ 14 ಮೈಕ್ರೊಮೋಲಾರ್. ಎಂದರೆ 23 ಹನಿಗಳಿಗೆ ಒಂದು ಕಿಣ್ವ. ಉಳಿದ 22 ಹನಿಗಳಿಗೆ ಕಿಣ್ವದ ಗಂಧವೂ ಇಲ್ಲ. ಎಲ್ಲ ಹನಿಗಳ ಸರಾಸರಿ ಹೇಳುವ ಯಾವ ಉಪಕರಣಕ್ಕೂ ಇಲ್ಲಿ ಕಾಣುವುದು ಮುಖ್ಯವಾಗಿ ಖಾಲಿ ಹನಿಗಳೇ. ಹನಿಗೊಂದು ಕಿಣ್ವ ಬೇಕಾದರೆ ಮಿ.ಲೀ.ಗೆ 230 ಮಿ.ಗ್ರಾಂ ಇರುವ ದ್ರಾವಣ ಬೇಕು. ಅದು ಪಾಯಸದಷ್ಟು ಮಂದವಾಗಿರುತ್ತದೆ, ಆಗುವ ಕೆಲಸವಲ್ಲ.

ನೀರಿನ ಅನುಪಾತವನ್ನು 40ಕ್ಕೆ ಏರಿಸಿದರೆ ಚಿತ್ರ ಬದಲಾಗುತ್ತದೆ. ಹನಿಗೆ 1,200 ಎಒಟಿ, ಹನಿಗಳು 83 ಮೈಕ್ರೊಮೋಲಾರ್. ನೀರು 720 ಮೈಕ್ರೊಲೀಟರ್ ಆದ್ದರಿಂದ ಅದೇ ದ್ರಾವಣದಿಂದ ಬರುವ ಕಿಣ್ವ 29 ಮೈಕ್ರೊಮೋಲಾರ್. ಮೂರು ಹನಿಗೊಂದು. ಬಿಗಿತದ ಪರಿಣಾಮ ನೋಡಬೇಕೆನ್ನುವವರು ದೊಡ್ಡ ಹನಿಗಳಲ್ಲಿ ನೋಡಬೇಕು. ಚಟುವಟಿಕೆ ಗರಿಷ್ಠವಾಗುವ 10-12ರ ಅನುಪಾತದಲ್ಲಿ ಬಿಗಿತವನ್ನೂ ಅಳೆಯುತ್ತೇವೆ ಎಂದು ಹೊರಡುವುದು ಸಹಜ ಆಸೆ. ಆದರೆ ಅಲ್ಲಿ ಹನಿಗಳ ಸಂಖ್ಯೆ ಇನ್ನೂ ಹೆಚ್ಚು, ಸಂಕೇತ ಇನ್ನೂ ಕ್ಷೀಣ.

ಮಾದರಿ ತಯಾರಿ

ಎಒಟಿ ಮೇಣದಂಥ ವಸ್ತು, ಗಾಳಿಯ ತೇವ ಹೀರುತ್ತದೆ. ತೂಕದಲ್ಲಿ ನೂರಕ್ಕೆ ಒಂದು ಪಾಲು ನೀರಿದ್ದರೆ ನೀರಿನ ಅನುಪಾತ 0.25 ಆಗಲೇ ಏರಿರುತ್ತದೆ. ಬೆಂಗಳೂರಿನ ಮಳೆಗಾಲದಲ್ಲಿ ಡಬ್ಬಿ ತೆರೆದಿಟ್ಟು ನಿಧಾನವಾಗಿ ತೂಗಿದರೆ ಹೀಗೇ ಆಗುವುದು. 40-50 °ಸೆ.ನ ನಿರ್ವಾತ ಒಲೆಯಲ್ಲಿ ಒಂದೆರಡು ದಿನ ಒಣಗಿಸಿ, ತೇವ ತಾಗದ ಮುಚ್ಚಿದ ಪಾತ್ರೆಯಾದ ಡೆಸಿಕೇಟರಿನಲ್ಲಿಡಿ. ಉಳಿದ ನೀರನ್ನು ಕಾರ್ಲ್ ಫಿಷರ್ ವಿಧಾನದಿಂದ ಅಳೆದು ಲೆಕ್ಕದಲ್ಲಿ ಕಳೆಯಿರಿ. 0.1 ಮೋಲಾರ್‌ನ 100 ಮಿ.ಲೀ. ದ್ರಾವಣಕ್ಕೆ ಎಒಟಿ 4.45 ಗ್ರಾಂ. ಎಒಟಿಯಲ್ಲಿ ಆಮ್ಲದ ಕಲ್ಮಶ ಇರುವುದುಂಟು. ಒಟ್ಟು ದ್ರಾವಣದಲ್ಲಿ ನೀರಿನ ಪಾಲು ಶೇಕಡಾ 3.6ರಷ್ಟೇ ಆದ್ದರಿಂದ ಆ ಆಮ್ಲವೆಲ್ಲ ಹನಿಯೊಳಗೆ ಸುಮಾರು 28 ಪಟ್ಟು ಸಾಂದ್ರವಾಗಿ ಸೇರಿಕೊಳ್ಳುತ್ತದೆ. 5 ಮಿಲಿಮೋಲಾರ್ ಬಫರ್ ಇಲ್ಲಿ ಸಾಲದೆ ಹೋಗಬಹುದು, 50 ಇದ್ದರೆ ನೆಮ್ಮದಿ. ಗಾಜಿನ ಸಾಮಾನನ್ನು ಬೋರ್‌ವೆಲ್ ನೀರಿನಲ್ಲಿ ತೊಳೆದು ಹಾಗೇ ಒಣಗಿಸಬೇಡಿ. ಗಡಸು ನೀರಿನ ಕ್ಯಾಲ್ಸಿಯಂ ಎಒಟಿಯ ಸೋಡಿಯಂ ಜಾಗಕ್ಕೆ ಬಂದು ಕೂರುತ್ತದೆ. ಕೊನೆಯ ತೊಳೆತ ಅಯಾನುರಹಿತ ನೀರಿನಲ್ಲೇ ಆಗಬೇಕು. ಐಸೊಆಕ್ಟೇನ್ ಬೇಗ ಹೊತ್ತಿಕೊಳ್ಳುವ ದ್ರವ, ಅದರ ಜ್ವಲನ ಬಿಂದು ಸೊನ್ನೆಗಿಂತ 12 ಡಿಗ್ರಿ ಕೆಳಗೆ. ಕೆಲಸವೆಲ್ಲ ಫ್ಯೂಮ್‌ಹುಡ್‌ನಲ್ಲಿ, ಹತ್ತಿರ ಬರ್ನರ್ ಇರಬಾರದು.

ಕಿಣ್ವದ ಕಡೆ ಹೆಚ್ಚು ಎಚ್ಚರ ಬೇಕು. ದ್ರವರೂಪದಲ್ಲಿ ಬರುವ ಲೈಪೇಸಿನಲ್ಲಿ ಗ್ಲಿಸರಾಲ್ ಅಥವಾ ಸಾರ್ಬಿಟಾಲ್ ಇರುತ್ತದೆ. ಕೆಲವು ಕಿಣ್ವಗಳು ಅಮೋನಿಯಂ ಸಲ್ಫೇಟಿನಲ್ಲಿ ತೇಲುತ್ತ ಬರುತ್ತವೆ. ಇವು ಪ್ರತಿಯೊಂದೂ ಕಿಣ್ವದ ನೆರವಿಲ್ಲದೆ ಪದರವನ್ನು ಬದಲಾಯಿಸಬಲ್ಲವು. ಉಪ್ಪು ತಲೆಗಳ ನಡುವಿನ ವಿಕರ್ಷಣೆ ತಗ್ಗಿಸಿ ಹನಿಗಳನ್ನು ಬಿಗಿ ಮಾಡುತ್ತದೆ. ಯೂರಿಯಾ ಇದರ ವಿರುದ್ಧ. ಅದಕ್ಕೇ ಕಿಣ್ವವನ್ನು 10,000 ಅಣುಭಾರ ಮಿತಿಯ, ಅಂದರೆ ಸಣ್ಣ ಅಣುಗಳನ್ನು ಮಾತ್ರ ಹೊರಬಿಡುವ ಡಯಾಲಿಸಿಸ್ ಚೀಲದಲ್ಲಿ, 4 °ಸೆ.ನಲ್ಲಿ, ನೂರು ಪಟ್ಟು ಬಫರಿಗೆ ಎದುರಾಗಿ ಮೂರು ಬಾರಿ ಬದಲಿಸಿ ಇಡಬೇಕು. ಮೂರನೆಯ ಬಾರಿಯ ಬಫರನ್ನು ಚೆಲ್ಲಬೇಡಿ. ಕಿಣ್ವವಿಲ್ಲದ ಹೋಲಿಕೆಯ ಮಾದರಿಯನ್ನು ಮಾಡಬೇಕಾದ್ದು ಅದೇ ಬಫರಿನಿಂದ. ಹೊಸದಾಗಿ ತೂಗಿ ಮಾಡಿದ ಬಫರು ಕಾಗದದ ಮೇಲೆ ಒಂದೇ ಇರಬಹುದು, ಚೀಲದೊಳಗಿನದಕ್ಕೆ ಸಮ ಎನ್ನಲು ಆಧಾರವಿರುವುದಿಲ್ಲ.

ಸೂಕ್ಷ್ಮ ಸಿರಿಂಜಿನಿಂದ ನೀರಿನ ಭಾಗವನ್ನು ಎಣ್ಣೆಯೊಳಕ್ಕೆ ಚುಚ್ಚಿ, ಅರ್ಧ ನಿಮಿಷ ವೊರ್ಟೆಕ್ಸ್ ಯಂತ್ರದಲ್ಲಿ ಜೋರಾಗಿ ಕುಲುಕಿ. ಒಂದೆರಡು ನಿಮಿಷದಲ್ಲಿ ತಿಳಿಯಾಗಬೇಕು. ಹತ್ತು ನಿಮಿಷವಾದರೂ ಮಬ್ಬು ಹೋಗದಿದ್ದರೆ ನೀರು ಮಿತಿ ಮೀರಿದೆ, ಉಪ್ಪು ಹೆಚ್ಚಾಗಿದೆ, ಇಲ್ಲವೇ ಪ್ರೋಟೀನು ಗೆಡ್ಡೆ ಕಟ್ಟಿದೆ. ತಿಳಿಯಾದ ಮೇಲೂ ಸೆಂಟ್ರಿಫ್ಯೂಜಿಗೆ ಹಾಕಿ, ಮೇಲಿನ ದ್ರವದಲ್ಲಿ 280 ನ್ಯಾನೊಮೀಟರಿನ ಹೀರಿಕೆ ನೋಡಿ. ಕೈಮೊಟ್ರಿಪ್ಸಿನ್ ಮಿ.ಲೀ.ಗೆ 1 ಮಿ.ಗ್ರಾಂ ಇದ್ದರೆ 1 ಸೆಂ.ಮೀ. ಕುವೆಟ್ಟಿನಲ್ಲಿ 2.04 ಬರುತ್ತದೆ. ಮೇಲಿನ ಲೆಕ್ಕದ 3.6 ಮಿ.ಗ್ರಾಂ ಒಟ್ಟು 10.36 ಮಿ.ಲೀ.ನಲ್ಲಿ ಹರಡಿದಾಗ 0.71 ಬರಬೇಕು. 0.5 ಬಂದರೆ ಕಿಣ್ವದ ಮೂರನೇ ಒಂದು ಪಾಲು ತಳದಲ್ಲಿದೆ ಎಂದರ್ಥ. ಅಂಥ ಮಾದರಿಯಲ್ಲಿ ಮುಂದೆ ಅಳೆದದ್ದೆಲ್ಲ ವ್ಯರ್ಥ.

ಅಳತೆ, ಮತ್ತು ಅದು ತಪ್ಪಿಸುವ ದಾರಿ

ಸುಲಭದ ಅಳತೆ ವಿದ್ಯುದ್ವಾಹಕತೆ. ಎಣ್ಣೆಯಲ್ಲಿ ಹರಡಿದ ನೀರಿನ ಹನಿಗಳು ವಿದ್ಯುತ್ತನ್ನು ಹೆಚ್ಚುಕಡಿಮೆ ಹಾಯಿಸುವುದೇ ಇಲ್ಲ. ತಾಪ ಏರಿಸುತ್ತ ಹೋದರೆ ಒಂದು ಹಂತದಲ್ಲಿ ಹನಿಗಳು ಗುಂಪುಗೂಡಿ ಅಯಾನುಗಳನ್ನು ಒಂದರಿಂದೊಂದಕ್ಕೆ ದಾಟಿಸತೊಡಗುತ್ತವೆ. ವಾಹಕತೆ ಕೆಲವೇ ಡಿಗ್ರಿಗಳೊಳಗೆ ಸಾವಿರ, ಹತ್ತು ಸಾವಿರ ಪಟ್ಟು ಜಿಗಿಯುತ್ತದೆ. ಇದು ಪರ್ಕೊಲೇಷನ್. ಸೈಟೊಕ್ರೋಮ್ ಸಿ ಸೇರಿಸಿದರೆ ಪರ್ಕೊಲೇಷನ್ ಬೇಗ ಶುರುವಾಗುತ್ತದೆ ಎಂದು 1990ರ ದಶಕದ ಆರಂಭದಲ್ಲಿ ಪ್ಯಾರಿಸ್ಸಿನ ಪಿಲೆನಿ ಮತ್ತು ಸಂಗಡಿಗರು ತೋರಿಸಿದರು.

ಇದನ್ನು ಕಂಡ ಕೂಡಲೇ ಪದರ ಮೆತ್ತಗಾಯಿತು ಎನ್ನುವುದು ಅವಸರ. ಅಯಾನು ದಾಟಲು ಎರಡು ಹನಿಗಳು ಮೊದಲು ಹತ್ತಿರ ಬರಬೇಕು, ಆಮೇಲೆ ಪದರ ತೆರೆದುಕೊಳ್ಳಬೇಕು. ಪ್ರೋಟೀನು ಹನಿಗಳ ನಡುವಿನ ಆಕರ್ಷಣೆಯನ್ನು ಹೆಚ್ಚಿಸಿದರೂ ಪರ್ಕೊಲೇಷನ್ ತಾಪ ಇಳಿಯುತ್ತದೆ, ಪದರದ ಬಿಗಿತ ಒಂದಿಷ್ಟೂ ಬದಲಾಗದೆ. ವಾಹಕತೆ ಬದಲಾವಣೆ ಇದೆ ಎಂದು ಹೇಳಬಲ್ಲದು, ಯಾವುದರ ಬದಲಾವಣೆ ಎಂದು ಹೇಳಲಾರದು. ಹಾಗೆಂದು ಅದನ್ನು ಬಿಡಬೇಡಿ. ಅಗ್ಗದ, ಸೂಕ್ಷ್ಮವಾದ ಕಾವಲುಗಾರ ಅದು. ಮುಚ್ಚಿದ ಕೋಶದಲ್ಲಿ ಮಾಡಿ, ಇಲ್ಲದಿದ್ದರೆ ಐಸೊಆಕ್ಟೇನ್ ಆವಿಯಾಗಿ ಹನಿಗಳು ತಾವೇ ಒತ್ತೊತ್ತಾಗುತ್ತವೆ. ಅರ್ಧ ಡಿಗ್ರಿಗೊಮ್ಮೆ ನಿಲ್ಲಿಸಿ ಐದು ನಿಮಿಷ ಕಾಯಿರಿ. ಏರಿಸಿದ ಮೇಲೆ ಇಳಿಸುತ್ತಲೂ ಅಳೆಯಿರಿ. ಹೋದ ದಾರಿ, ಬಂದ ದಾರಿ ಒಂದೇ ಆಗಿಲ್ಲದಿದ್ದರೆ ಕಿಣ್ವದ ಮಡಿಕೆ ಬಿಚ್ಚಿಕೊಂಡಿದೆ ಎಂದು ಅನುಮಾನಿಸಿ.

ಬಿಗಿತವನ್ನೇ ಅಳೆಯಲು ನ್ಯೂಟ್ರಾನ್ ಬೇಕು. ಸಣ್ಣಕೋನ ನ್ಯೂಟ್ರಾನ್ ಚದುರಿಕೆಯಿಂದ ಹನಿಗಳ ಗಾತ್ರವೂ ಆ ಗಾತ್ರದ ಹರಡಿಕೆಯೂ (ಗಾತ್ರದ ಏರುಪೇರು ಸರಾಸರಿಯ ಎಷ್ಟು ಪಾಲು ಎನ್ನುವುದು) ಸಿಗುತ್ತವೆ. ಪದರ ಮೆತ್ತಗಿದ್ದಷ್ಟೂ ಹರಡಿಕೆ ಹೆಚ್ಚು. ಸಾಂದ್ರತೆಯ ತಿದ್ದುಪಡಿಯನ್ನು ಸದ್ಯಕ್ಕೆ ಬದಿಗಿಟ್ಟರೆ, ಕಪ್ಪಾದ ಎರಡರಷ್ಟು ಮತ್ತು ಕಪ್ಪಾ-ಬಾರ್ ಕೂಡಿದ ಮೊತ್ತ, ಕೆಟಿ ಏಕಮಾನದಲ್ಲಿ, ಹರಡಿಕೆಯ ವರ್ಗವನ್ನು 8π ಇಂದ ಗುಣಿಸಿ ತಲೆಕೆಳಗು ಮಾಡಿದಷ್ಟು. ಹರಡಿಕೆ 0.15 ಆದರೆ 1.77 ಕೆಟಿ. 0.20 ಆದರೆ 1 ಕೆಟಿ. ವರ್ಗ ಇರುವುದರಿಂದ ಹರಡಿಕೆಯ ಸಣ್ಣ ತಪ್ಪು ಬಿಗಿತದಲ್ಲಿ ದೊಡ್ಡದಾಗಿ ಕಾಣುತ್ತದೆ.

ಕಿಣ್ವದ ವಿಷಯದಲ್ಲಿ ಮೋಸ ಹೋಗುವುದು ಇಲ್ಲಿಯೇ. ಹನಿಗಿಂತ ಕಿಣ್ವ ತುಸು ದೊಡ್ಡದಾದರೆ ಅದು ಅಕ್ಕಪಕ್ಕದ ಹನಿಗಳಿಂದ ನೀರು ಮತ್ತು ಎಒಟಿ ಸೆಳೆದುಕೊಂಡು ತನಗೆ ತಕ್ಕ ದೊಡ್ಡ ಹನಿ ಮಾಡಿಕೊಳ್ಳಬಹುದು. 23ರಲ್ಲಿ ಒಂದು ಹನಿಯ ತ್ರಿಜ್ಯ 3.5ರ ಬದಲು 4.5 ನ್ಯಾನೊಮೀಟರ್ ಆಯಿತು ಎಂದುಕೊಳ್ಳಿ. ಉಳಿದವು ಮೊದಲಿನಂತೆಯೇ ಇವೆ, ಯಾವ ಪದರವೂ ಮೆತ್ತಗಾಗಿಲ್ಲ. ಆದರೂ ಒಟ್ಟು ಹರಡಿಕೆ 0.15ರಿಂದ 0.16ಕ್ಕೆ ಏರುತ್ತದೆ. ಸೂತ್ರಕ್ಕೆ ಹಾಕಿದರೆ 1.77 ಇದ್ದದ್ದು 1.54 ಕೆಟಿ ಎನ್ನುತ್ತದೆ. ನೂರಕ್ಕೆ 13ರಷ್ಟು ಮೆತ್ತಗಾದ ಪದರ, ಅದೂ ಇಲ್ಲದ ಪದರ! ದೊಡ್ಡ ಹನಿಗಳು ನ್ಯೂಟ್ರಾನನ್ನು ಹೆಚ್ಚು ಚದುರಿಸುವುದರಿಂದ ನಿಜವಾದ ಅಳತೆಯಲ್ಲಿ ಈ ಭ್ರಮೆ ಇನ್ನೂ ಹಿಗ್ಗುತ್ತದೆ. ಹಾಗಾಗಿ ಒಂದೇ ಗಾತ್ರದ ಗುಂಪು ಎಂದು ಹಿಡಿದು ಲೆಕ್ಕ ಮಾಡಿದ್ದನ್ನು, ಖಾಲಿ ಮತ್ತು ತುಂಬಿದ ಎರಡು ಗುಂಪುಗಳೆಂದು ಹಿಡಿದು ಮತ್ತೊಮ್ಮೆ ಮಾಡಲೇಬೇಕು.

ಈ ಗೊಂದಲ ಬಿಡಿಸುವುದು ನ್ಯೂಟ್ರಾನ್ ಸ್ಪಿನ್ ಎಕೋ. 1972ರಲ್ಲಿ ಮೆಜೈ ಕಂಡುಹಿಡಿದ ವಿಧಾನ. ಹನಿಯ ಆಕಾರ ನ್ಯಾನೊಸೆಕೆಂಡುಗಳಲ್ಲಿ ಅಂಡಾಕಾರವಾಗಿ ಮತ್ತೆ ಗೋಳವಾಗುವ ವೇಗವನ್ನು ಅದು ನೇರವಾಗಿ ಹಿಡಿಯುತ್ತದೆ. ಗಾತ್ರದ ಹರಡಿಕೆ ಮತ್ತು ಆಕಾರದ ತಳಮಳ ಎರಡನ್ನೂ ಸೇರಿಸಿ ನೋಡಿದಾಗಲೇ ಕಪ್ಪಾ ಮತ್ತು ಕಪ್ಪಾ-ಬಾರ್ ಬೇರೆಬೇರೆಯಾಗಿ ಸಿಗುವುದು. ಪದರ ಮಾತ್ರ ಕಾಣಬೇಕಾದರೆ ಭಾರಜಲ ಮತ್ತು ಡ್ಯುಟೀರಿಯಂ (ಭಾರದ ಹೈಡ್ರೋಜನ್) ತುಂಬಿದ ಎಣ್ಣೆ ಬೇಕು. ಅಂಥ ಐಸೊಆಕ್ಟೇನ್ ಸಿಗುವುದು ಕಷ್ಟವಾದ್ದರಿಂದ ಆಕ್ಟೇನ್ ಅಥವಾ ಡೆಕೇನ್ ಬಳಸುತ್ತಾರೆ. ಎಣ್ಣೆ ಬದಲಾದರೆ ಪರ್ಕೊಲೇಷನ್ ತಾಪ ಬದಲಾಗುತ್ತದೆ, ಭಾರಜಲದಿಂದಲೂ ಬದಲಾಗುತ್ತದೆ. ಭಾರಜಲದಲ್ಲಿ ಪಿಎಚ್ ಮೀಟರಿನ ಓದಿಗೆ 0.4 ಕೂಡಿಸಬೇಕು. ಆದ್ದರಿಂದ ನ್ಯೂಟ್ರಾನಿಗೆ ಕೊಂಡೊಯ್ಯುವ ಮಾದರಿಯದೇ ವಾಹಕತೆಯನ್ನು ಮತ್ತೆ ಅಳೆಯಿರಿ, ಸಾಮಾನ್ಯ ನೀರಿನ ಮಾದರಿಯದ್ದು ನಡೆಯುವುದಿಲ್ಲ.

ಇರುವುದು ಬೇರೆ, ಕೆಲಸ ಮಾಡುವುದು ಬೇರೆ

ಇಲ್ಲಿಯವರೆಗೆ ಕಿಣ್ವವನ್ನು ಸುಮ್ಮನೆ ಕೂತ ಗುಂಡಿನಂತೆ ನೋಡಿದೆವು. ಕಿಣ್ವ ಸುಮ್ಮನೆ ಕೂರುವುದಲ್ಲ. ಲೆಸಿಥಿನ್ ಎಂಬ ಎರಡು ಬಾಲದ ಫಾಸ್ಫೊಲಿಪಿಡ್ಡಿನ ಪದರಕ್ಕೆ ಫಾಸ್ಫೊಲಿಪೇಸ್ ಎ2 ಎಂಬ ಕಿಣ್ವ ಸೇರಿಸಿದರೆ ಅದು ಪದರದ ಅಣುವಿನ ಒಂದು ಬಾಲವನ್ನೇ ಕತ್ತರಿಸುತ್ತದೆ. ಉಳಿಯುವ ಲೈಸೊಲೆಸಿಥಿನ್‌ಗೆ ಒಂದೇ ಬಾಲ, ಆದ್ದರಿಂದ ಸಹಜ ವಕ್ರತೆ ಬೇರೆ. ಕತ್ತರಿಸಿದ ಕೊಬ್ಬಿನಾಮ್ಲವೂ ಪದರದಲ್ಲೇ ಸೇರಿಕೊಳ್ಳುತ್ತದೆ. ಇಲ್ಲಿ ಅಳತೆ ನಿಮಿಷದಿಂದ ನಿಮಿಷಕ್ಕೆ ಸರಿಯುತ್ತದೆ. ಲೈಪೇಸಿನಿಂದ ಎಸ್ಟರ್ ಮಾಡುವಾಗ ಬೇರೆ ತೊಡಕು. ಅದಕ್ಕೆ ಕಚ್ಚಾವಸ್ತುಗಳಾದ ಲಾರಿಕ್ ಆಮ್ಲ, ಹೆಕ್ಸನಾಲ್ ಎರಡೂ ಪದರಕ್ಕೆ ಹೋಗಿ ಕೂರುವ ವಸ್ತುಗಳೇ. ಕಿಣ್ವ ಸೇರಿಸುವ ಮುನ್ನವೇ ಹೆಕ್ಸನಾಲ್ ಪದರವನ್ನು ಮೆತ್ತಗೆ ಮಾಡಿರುತ್ತದೆ. 0.1 ಮೋಲಾರ್ ಎಸ್ಟರ್ ಆದರೆ 0.1 ಮೋಲಾರ್ ನೀರೂ ಹುಟ್ಟುತ್ತದೆ. 0.1 ಮೋಲಾರ್ ಎಒಟಿಯಲ್ಲಿ ನೀರಿನ ಅನುಪಾತ ಒಂದು ಏರಿತು. ಹನಿ ದೊಡ್ಡದಾದದ್ದು ಕಿಣ್ವದ ಸ್ಪರ್ಶದಿಂದಲ್ಲ.

ಇವೆರಡನ್ನೂ ಬೇರ್ಪಡಿಸಲು ಕೆಲಸ ನಿಲ್ಲಿಸಿದ ಕಿಣ್ವ ಬೇಕು. ಕೈಮೊಟ್ರಿಪ್ಸಿನ್ನಿಗೆ ಪಿಎಂಎಸ್‌ಎಫ್ ಎಂಬ ತಡೆವಸ್ತು ಸೇರಿಸಿದರೆ ಅದರ ಕೆಲಸ ನಡೆಸುವ ಅಮೈನೊ ಆಮ್ಲವಾದ 195ನೇ ಸೆರಿನ್ ಮುಚ್ಚಿಹೋಗುತ್ತದೆ, ಆಕಾರ ಹೆಚ್ಚುಕಡಿಮೆ ಹಾಗೇ ಉಳಿಯುತ್ತದೆ. ಫಾಸ್ಫೊಲಿಪೇಸ್ ಎ2ಗೆ ಕ್ಯಾಲ್ಸಿಯಂ ಬೇಕೇ ಬೇಕು, ಕ್ಯಾಲ್ಸಿಯಂ ಹಿಡಿದಿಟ್ಟುಕೊಳ್ಳುವ ಇಡಿಟಿಎ ಹಾಕಿದರೆ ನಿಲ್ಲುತ್ತದೆ. ಕುದಿಸಿದ ಕಿಣ್ವವನ್ನು ಹೋಲಿಕೆಗೆ ಬಳಸುವುದು ಬಹಳ ಕಡೆ ನಡೆದಿದೆ. ಅದು ಖಂಡಿತ ಬೇಡ. ಕುದಿಸಿದಾಗ ಪ್ರೋಟೀನು ಬಿಚ್ಚಿಕೊಂಡು ನೀರು ಬಯಸದ ಭಾಗಗಳೆಲ್ಲ ಹೊರಗೆ ಬರುತ್ತವೆ, ಅವು ಓಡುವುದು ಪದರದ ಕಡೆಗೇ. ಯಾವುದನ್ನು ಪರೀಕ್ಷಿಸಬೇಕಿತ್ತೋ ಅದನ್ನೇ ಕೆಡಿಸಿದ ಹೋಲಿಕೆ ಅದು.

ಸಭಿಕರ ಪ್ರಶ್ನೆಗಳು

ಬಟ್ಟೆ ಪುಡಿಯಲ್ಲೂ ಕಿಣ್ವ ಇರುತ್ತದಲ್ಲ, ಅಲ್ಲಿಯೂ ಹೀಗೇ ಆಗುತ್ತದೆಯೇ ಎಂದು ಒಬ್ಬರು ಕೇಳಿದರು. ಬಕೆಟ್ಟಿನಲ್ಲಿರುವುದು ನೀರಿನಲ್ಲಿ ಕರಗಿದ ಸರ್ಫ್ಯಾಕ್ಟೆಂಟ್, ಎಣ್ಣೆಯಲ್ಲಿ ಹನಿಗಳಲ್ಲ. ನಮ್ಮ ಲೆಕ್ಕ ಅಲ್ಲಿ ನಡೆಯುವುದಿಲ್ಲ. ಅಲ್ಲಿನ ಚಿಂತೆ ಪದರದ ಬಿಗಿತವಲ್ಲ, ಋಣ ಸರ್ಫ್ಯಾಕ್ಟೆಂಟ್ ಕಿಣ್ವವನ್ನೇ ಬಿಚ್ಚಿಹಾಕುತ್ತದೆಯೇ ಎನ್ನುವುದು. ಅದಕ್ಕೇ ತಡೆದುಕೊಳ್ಳಬಲ್ಲ ಸಬ್ಟಿಲಿಸಿನ್ ಜಾತಿಯ ಪ್ರೋಟಿಯೇಸುಗಳನ್ನು (ಪ್ರೋಟೀನು ಒಡೆಯುವ ಕಿಣ್ವಗಳನ್ನು) ಆರಿಸಿಕೊಳ್ಳುತ್ತಾರೆ.

ಹನಿಗಳೇ ಇಲ್ಲದ, ನೀರು ಎಣ್ಣೆ ಎರಡೂ ಜಾಲದಂತೆ ಹೆಣೆದುಕೊಂಡ ಮೈಕ್ರೊಎಮಲ್ಷನ್ನುಗಳಲ್ಲಿ ಏನಾಗುತ್ತದೆ ಎಂಬುದು ಇನ್ನೊಬ್ಬರ ಪ್ರಶ್ನೆ. ಅಲ್ಲಿ ಕಿಣ್ವಕ್ಕೆ ಜಾಗ ಧಾರಾಳ, ಹನಿಗಳನ್ನು ಎಣಿಸುವ ತಲೆನೋವೂ ಇಲ್ಲ. ಸ್ಕ್ವಿಡ್ಡಿನಿಂದ ತೆಗೆದ, ನರವಿಷಗಳನ್ನು ಒಡೆಯಬಲ್ಲ ಡಿಎಫ್‌ಪಿಯೇಸ್ ಎಂಬ ಕಿಣ್ವವನ್ನು ಸಕ್ಕರೆ ತಲೆಯ ಸರ್ಫ್ಯಾಕ್ಟೆಂಟುಗಳಿಂದ ಮಾಡಿದ ಇಂಥ ಜಾಲಕ್ಕೆ ಸೇರಿಸಿ ಜರ್ಮನಿಯಲ್ಲಿ ಅಭ್ಯಾಸ ಮಾಡಿದ್ದಾರೆ. ಮೈಕ್ರೊಎಮಲ್ಷನ್ ಕೆಡಲಿಲ್ಲ, ಕಿಣ್ವದ ಚಟುವಟಿಕೆಯೂ ಚೆನ್ನಾಗಿ ಉಳಿಯಿತು. ತಲೆಯಲ್ಲಿ ವಿದ್ಯುದಂಶ ಇಲ್ಲದ ಸರ್ಫ್ಯಾಕ್ಟೆಂಟ್, ನೀರಿನಲ್ಲೇ ಉಳಿಯಬಯಸುವ ಕಿಣ್ವ. ನಮ್ಮ ಮಾತಿನ ಪ್ರಕಾರವೂ ಪದರಕ್ಕೆ ಹೆಚ್ಚು ತೊಂದರೆ ಆಗಬಾರದ ಜೋಡಿ ಅದು.

ಇಲ್ಲಿನ ಕಾಲೇಜೊಂದರಲ್ಲಿ ಇದನ್ನು ಮಾಡಬಹುದೇ ಎಂದು ಸ್ನಾತಕೋತ್ತರ ವಿದ್ಯಾರ್ಥಿನಿಯೊಬ್ಬರು ಕೇಳಿದರು. ಹೀರಿಕೆ, ವಾಹಕತೆ, ಬೆಳಕಿನ ಚದುರಿಕೆ ಮೂರನ್ನೂ ನಗರದಲ್ಲೇ ಮಾಡಬಹುದು. ಸಣ್ಣಕೋನ ನ್ಯೂಟ್ರಾನ್ ಚದುರಿಕೆಗೆ ಮುಂಬಯಿಯ ಟ್ರಾಂಬೆಯಲ್ಲಿ ಧ್ರುವ ರಿಯಾಕ್ಟರ್ ಇದೆ. ಸ್ಪಿನ್ ಎಕೋಗೆ ಫ್ರಾನ್ಸಿನ ಗ್ರೆನೋಬಲ್, ಅಮೆರಿಕದ ಓಕ್ ರಿಡ್ಜ್‌ನಂಥ ಕಡೆ ಅರ್ಜಿ ಹಾಕಬೇಕು. ಏಪ್ರಿಲ್ ಮಧ್ಯಾಹ್ನದ ಕೋಣೆಯ ತಾಪಕ್ಕೂ ಡಿಸೆಂಬರ್ ಬೆಳಗಿನದಕ್ಕೂ ಇಲ್ಲಿ ಹದಿನೈದು ಡಿಗ್ರಿಗೂ ಮೀರಿ ಅಂತರವಿರುವುದರಿಂದ 0.1 °ಸೆ. ಒಳಗೆ ನಿಲ್ಲುವ ನೀರಿನ ಸ್ನಾನ, ಅದಕ್ಕೊಂದು ಯುಪಿಎಸ್ ಮೊದಲು ಕೊಳ್ಳಿ. ಆಮೇಲೂ ಕಿಣ್ವದ ಸೀಸೆ ತೆರೆಯಬೇಡಿ. ಬರೀ ಬಫರಿನಿಂದ ಮೂರು ಮಾದರಿಗಳನ್ನು ಬೇರೆಬೇರೆ ದಿನ, ಎಒಟಿ ತೂಗುವುದರಿಂದ ಹಿಡಿದು ಹೊಸದಾಗಿ ಮಾಡಿ. ಮೂರರ ಪರ್ಕೊಲೇಷನ್ ತಾಪವೂ 0.3 °ಸೆ. ಒಳಗೆ ಹೊಂದಿದ ಮೇಲೆ ಕಿಣ್ವ ಸೇರಿಸಿ. ಹೊಂದದಿದ್ದರೆ ಮತ್ತೆ ಎಒಟಿಯ ತೇವದಿಂದಲೇ ಹುಡುಕಲು ಶುರುಮಾಡಿ.